ಕೀಲುನೋವು, ಬಿಡದ ಸುಸ್ತು: ಉಸಿರಿನ ಅಭ್ಯಾಸ ಎಲ್ಲಿಯವರೆಗೆ ನೆರವಾದೀತು?

ಶಿವಮೊಗ್ಗದಿಂದ ತೀರ್ಥಹಳ್ಳಿ ರಸ್ತೆಯಲ್ಲಿ ಸುಮಾರು 14 ಕಿಲೋಮೀಟರ್ ಹೋದರೆ ಗಾಜನೂರು ಅಣೆಕಟ್ಟೆಯ ಹಿನ್ನೀರಿನ ದಂಡೆಯಲ್ಲಿ ಸಕ್ರೆಬೈಲು ಸಿಗುತ್ತದೆ. ಪ್ರವಾಸಿಗರಿಗೆ ಅದು ಆನೆ ಬಿಡಾರದ ಊರು. ಅಲ್ಲಿನವರಿಗೂ ಸುತ್ತಲಿನ ಹಳ್ಳಿಗಳವರಿಗೂ ಅದು ಮೈಮುರಿದು ದುಡಿಯುವ ನೆಲ. ಮಾವುತ, ಕಾವಾಡಿಗಳಿಗೆ ಆನೆ ತೊಳೆಯುವ, ಸೊಪ್ಪು ತರುವ ಕೆಲಸ. ಉಳಿದವರಿಗೆ ಗದ್ದೆ, ತೋಟ. ಕೊಯ್ಲಿನ ಕಾಲದಲ್ಲಿ ರಾತ್ರಿಯವರೆಗೂ ಅಡಿಕೆ ಸುಲಿತ. ಇಂಥ ಕಡೆ ಬೆಳಗೆದ್ದಾಗ ಬೆರಳು ಮಡಚಲು ಬಾರದಿದ್ದರೆ, ನಾಲ್ಕು ಹೆಜ್ಜೆ ಏರು ಹತ್ತಿದರೆ ದಮ್ಮು ಬಂದರೆ, ಆ ದಿನದ ಕೂಲಿಯೇ ಹೋಯಿತು.

ಈ ಜಿಲ್ಲೆಯ ಜನರ ಮೈ ಹಲವು ವೈರಸ್‌ಗಳನ್ನು ಕಂಡಿದೆ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸತ್ತು ಬಿದ್ದಾಗ ಜಗತ್ತಿಗೆ ಮಂಗನ ಕಾಯಿಲೆಯ ಪರಿಚಯವಾಯಿತು. 2006ರಲ್ಲಿ ಚಿಕೂನ್‌ಗುನ್ಯಾ ರಾಜ್ಯವನ್ನೆಲ್ಲ ಮಲಗಿಸಿತು. ಆ ಒಂದು ವರ್ಷದಲ್ಲಿ ಕರ್ನಾಟಕದಲ್ಲಿ ಲೆಕ್ಕಕ್ಕೆ ಸಿಕ್ಕ ಶಂಕಿತ ಪ್ರಕರಣಗಳೇ ಸುಮಾರು ಏಳೂವರೆ ಲಕ್ಷ, ದೇಶದಲ್ಲೇ ಅತಿ ಹೆಚ್ಚು. ಆಮೇಲೆ ಬಂದದ್ದು ಕೋವಿಡ್. 2021ರ ಎರಡನೇ ಅಲೆಯಲ್ಲಿ ಭದ್ರಾವತಿಯ ವಿಐಎಸ್‌ಎಲ್ ಉಕ್ಕಿನ ಕಾರ್ಖಾನೆ ಆವರಣದ ಆಮ್ಲಜನಕ ಘಟಕದತ್ತ ಇಡೀ ಜಿಲ್ಲೆ ಕಣ್ಣಿಟ್ಟಿತ್ತು. ಉಕ್ಕಿನ ಊರಿನ ಆಕ್ಸಿಜನ್ ಜೀವ ಉಳಿಸುವ ವಸ್ತು ಎಂಬುದು ಆಗ ಮಕ್ಕಳಿಗೂ ಗೊತ್ತಾಯಿತು.

ಆ ದಿನಗಳು ಕಳೆದರೂ ಒಂದು ನಂಬಿಕೆ ಉಳಿದುಕೊಂಡಿದೆ. ಆಕ್ಸಿಜನ್ ಹೆಚ್ಚಿದಷ್ಟೂ ಒಳ್ಳೆಯದು, ದೀರ್ಘ ಉಸಿರೆಳೆದರೆ ರಕ್ತಕ್ಕೆ ಆಮ್ಲಜನಕ ತುಂಬಿ ಗಂಟುನೋವು, ಸುಸ್ತು ಎಲ್ಲವೂ ಮಾಯವಾಗುತ್ತದೆ ಎಂಬ ಮಾತು ಮೊಬೈಲ್ ವಿಡಿಯೊಗಳಲ್ಲಿ, ಶಿಬಿರಗಳಲ್ಲಿ, ಜಾಹೀರಾತುಗಳಲ್ಲಿ ಮತ್ತೆ ಮತ್ತೆ ಕೇಳುತ್ತದೆ. ಇದರಲ್ಲಿ ಅರ್ಧ ನಿಜವಿದೆ. ಸರಿಯಾದ ಉಸಿರಾಟದ ಅಭ್ಯಾಸ ಚೇತರಿಕೆಗೆ ನಿಜಕ್ಕೂ ನೆರವಾಗುತ್ತದೆ, ಅದಕ್ಕೆ ಒಂದು ರೂಪಾಯಿಯೂ ಬೇಡ. ಆದರೆ ಅದು ನೆರವಾಗುವ ದಾರಿಯೇ ಬೇರೆ. ಆ ದಾರಿ ತಿಳಿಯದೆ ಔಷಧಿ ನಿಲ್ಲಿಸಿದರೆ ಅಥವಾ ಸಿಲಿಂಡರ್‌ಗೆ ದುಡ್ಡು ಸುರಿದರೆ ನಷ್ಟ ರೋಗಿಯದೇ.

ರಕ್ತದಲ್ಲಿ ಜಾಗ ಎಷ್ಟಿದೆ?

ನಾವು ಉಸಿರಾಡುವ ಗಾಳಿಯಲ್ಲಿ ಆಮ್ಲಜನಕ ಶೇ 21ರಷ್ಟು. ಆರೋಗ್ಯವಂತರ ರಕ್ತದಲ್ಲಿರುವ ಹಿಮೋಗ್ಲೋಬಿನ್ ಇಷ್ಟರಿಂದಲೇ ಶೇ 95ರಿಂದ 99ರಷ್ಟು ತುಂಬಿಕೊಂಡಿರುತ್ತದೆ. 100 ಮಿಲಿ ಲೀಟರ್ ರಕ್ತ ಸುಮಾರು 20 ಮಿಲಿ ಲೀಟರ್ ಆಮ್ಲಜನಕ ಹೊರುತ್ತದೆ. ಅದರಲ್ಲಿ ಹಿಮೋಗ್ಲೋಬಿನ್‌ಗೆ ಅಂಟದೆ ರಕ್ತದ ನೀರಿನಲ್ಲಿ ಕರಗಿರುವ ಪಾಲು 0.3 ಮಿಲಿ ಲೀಟರ್ ಮಾತ್ರ. ತುಂಬಿದ ಕೊಡಕ್ಕೆ ಮತ್ತೆ ನೀರು ಸುರಿದಂತೆ, ಬೆರಳಿಗೆ ಹಾಕುವ ಆಕ್ಸಿಮೀಟರ್ 97 ತೋರಿಸುವವರಿಗೆ ಮೂಗಿನ ನಳಿಕೆಯಲ್ಲಿ ಆಕ್ಸಿಜನ್ ಕೊಟ್ಟರೆ ಒಳಗೆ ಸೇರುವುದು ತೀರ ಅಲ್ಪ.

ರಕ್ತಹೀನತೆ ಇದ್ದವರ ಕಥೆ ಬೇರೆ. ಹಿಮೋಗ್ಲೋಬಿನ್ 15 ಗ್ರಾಂ ಇರುವವರ ರಕ್ತ 20 ಮಿಲಿ ಲೀಟರ್ ಹೊತ್ತರೆ, 10 ಗ್ರಾಂ ಇರುವವರದು 13ರ ಆಸುಪಾಸು. ಆದರೂ ಆಕ್ಸಿಮೀಟರ್ ಇಬ್ಬರಿಗೂ 98 ಎಂದೇ ತೋರಿಸಬಹುದು. ಇರುವ ಹಿಮೋಗ್ಲೋಬಿನ್ ಎಷ್ಟು ತುಂಬಿದೆ ಎಂಬುದನ್ನಷ್ಟೇ ಅದು ಹೇಳುತ್ತದೆ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದ 15ರಿಂದ 49 ವರ್ಷದ ಮಹಿಳೆಯರಲ್ಲಿ ಶೇ 57ರಷ್ಟು ಮಂದಿಗೆ ರಕ್ತಹೀನತೆಯಿದೆ. ಸಂಧಿವಾತದಂಥ ದೀರ್ಘಕಾಲದ ಉರಿಯೂತವೂ ರಕ್ತ ಕಡಿಮೆ ಮಾಡುತ್ತದೆ. ಹಾಗಾಗಿ ಸುಸ್ತು, ಏದುಸಿರು ಎನ್ನುವ ಗಂಟುನೋವಿನ ರೋಗಿ ಮೊದಲು ಮಾಡಿಸಬೇಕಾದ್ದು ಹಿಮೋಗ್ಲೋಬಿನ್ ಪರೀಕ್ಷೆ. ಎಷ್ಟೋ ಮಂದಿಗೆ ಬೇಕಾಗಿರುವುದು ಕಬ್ಬಿಣಾಂಶದ ಮಾತ್ರೆ ಮತ್ತು ಸರಿಯಾದ ಊಟ.

ಹಾಗಾದರೆ ನಿಧಾನದ ಉಸಿರಾಟದಿಂದ ಲಾಭವೇನು? ಒಂದು ಸಾಧಾರಣ ಉಸಿರಿನಲ್ಲಿ ಸುಮಾರು 500 ಮಿಲಿ ಲೀಟರ್ ಗಾಳಿ ಒಳಹೋಗುತ್ತದೆ. ಅದರಲ್ಲಿ ಸುಮಾರು 150 ಮಿಲಿ ಲೀಟರ್ ಗಂಟಲು, ಶ್ವಾಸನಾಳಗಳಲ್ಲೇ ಉಳಿದು ವ್ಯರ್ಥವಾಗುತ್ತದೆ. ನಿಮಿಷಕ್ಕೆ 12 ಬಾರಿ 500 ಮಿಲಿ ಎಳೆದುಕೊಂಡವರ ಶ್ವಾಸಕೋಶದ ಗಾಳಿಚೀಲಗಳಿಗೆ 4.2 ಲೀಟರ್ ತಲುಪುತ್ತದೆ. ನೋವು, ಭಯ, ಸುಸ್ತಿನಿಂದ 24 ಬಾರಿ 250 ಮಿಲಿ ಎಳೆದುಕೊಂಡವರಿಗೆ ತಲುಪುವುದು 2.4 ಲೀಟರ್. ಮೂಗಿನಿಂದ ಒಳಹೋದ ಒಟ್ಟು ಗಾಳಿ ಎರಡೂ ಕಡೆ 6 ಲೀಟರೇ. ಮೇಲುಸಿರು ಬಿಡುವವರು ಎದೆ, ಭುಜ, ಕತ್ತಿನ ಸ್ನಾಯುಗಳನ್ನೆಲ್ಲ ದುಡಿಸಿಯೂ ಅರ್ಧಕ್ಕಿಂತ ತುಸು ಹೆಚ್ಚು ಫಲವನ್ನಷ್ಟೇ ಪಡೆಯುತ್ತಾರೆ. ಉಸಿರಿನ ಅಭ್ಯಾಸ ಈ ದಂಡದ ದುಡಿಮೆಯನ್ನು ತಗ್ಗಿಸುತ್ತದೆ. ಅದರ ಜೊತೆಗೆ ನಿಧಾನದ ನಿಶ್ವಾಸ ನರಮಂಡಲವನ್ನು ಶಾಂತಗೊಳಿಸಿ, ಎದೆಬಡಿತ ಇಳಿಸಿ, ನೋವು ತಾಳಿಕೊಳ್ಳಲು ಸಹಾಯ ಮಾಡುತ್ತದೆ.

ಜೋರಾಗಿ, ಬೇಗ ಬೇಗ ದೊಡ್ಡ ಉಸಿರೆಳೆದರೆ ಫಲ ಉಲ್ಟಾ. ರಕ್ತದಲ್ಲಿರಬೇಕಾದ ಇಂಗಾಲದ ಡೈಆಕ್ಸೈಡ್ ಕಡಿಮೆಯಾಗಿ ಮಿದುಳಿನ ರಕ್ತನಾಳಗಳು ಬಿಗಿಯುತ್ತವೆ. ತಲೆ ತಿರುಗುತ್ತದೆ, ಬೆರಳು ಜುಮುಗುಡುತ್ತವೆ, ಕೈ ಸೆಟೆಯುತ್ತದೆ. ಕೆಲವು ಶಿಬಿರಗಳಲ್ಲಿ ಈ ಜುಮುಗುಟ್ಟುವಿಕೆಯನ್ನೇ 'ಆಕ್ಸಿಜನ್ ತುಂಬುತ್ತಿದೆ' ಎಂದು ವಿವರಿಸುವುದುಂಟು. ಅದು ತಪ್ಪು.

ಗಂಟುನೋವುಗಳೆಲ್ಲ ಒಂದೇ ಅಲ್ಲ

ಸಂಧಿವಾತ ಎಂದು ನಾವು ಕರೆಯುವುದರಲ್ಲಿ ಹಲವು ರೋಗಗಳಿವೆ. ಉಸಿರಿಗೂ ಅವಕ್ಕೂ ಇರುವ ನಂಟೂ ಬೇರೆ ಬೇರೆ.

ವಯಸ್ಸು, ತೂಕ, ದುಡಿಮೆಯಿಂದ ಬರುವ ಮಂಡಿ ಸವೆತಕ್ಕೆ ಮುಖ್ಯ ಮದ್ದು ತೊಡೆಯ ಸ್ನಾಯುಗಳ ವ್ಯಾಯಾಮ ಮತ್ತು ತೂಕ ಇಳಿಕೆ. ಉಸಿರಿನ ಅಭ್ಯಾಸ ಇಲ್ಲಿ ವ್ಯಾಯಾಮಕ್ಕೆ ಜೊತೆಗಾರ, ಅಷ್ಟೇ. ಅದರಿಂದ ಸವೆದ ಮೃದ್ವಸ್ಥಿ ಮತ್ತೆ ಬೆಳೆಯುವುದಿಲ್ಲ.

ರುಮಟಾಯ್ಡ್ ಸಂಧಿವಾತದಲ್ಲಿ ದೇಹದ ರೋಗನಿರೋಧಕ ಶಕ್ತಿಯೇ ಕೀಲಿನ ಒಳಪೊರೆಯ ಮೇಲೆ ಎರಗುತ್ತದೆ. ಉರಿಯೂತವಿರುವ ಈ ಪೊರೆಯಲ್ಲಿ ಆಮ್ಲಜನಕ ಕಡಿಮೆ ಇರುತ್ತದೆ ಎಂಬುದನ್ನು ಸಂಶೋಧಕರು ಅಳೆದು ತೋರಿಸಿದ್ದಾರೆ. 'ಆಕ್ಸಿಜನ್ ಕೊಟ್ಟರೆ ಗಂಟು ಸರಿಹೋಗುತ್ತದೆ' ಎಂಬ ವಾದ ಹುಟ್ಟಿದ್ದು ಇಲ್ಲಿಂದಲೇ. ಆದರೆ ಕೊರತೆಗೆ ಕಾರಣ ಶ್ವಾಸಕೋಶದಲ್ಲಿಲ್ಲ. ಊದಿಕೊಂಡ ಪೊರೆಯ ಜೀವಕೋಶಗಳು ಮಿತಿಮೀರಿ ಬೆಳೆದು, ಬಂದ ಆಮ್ಲಜನಕವನ್ನೆಲ್ಲ ಬಳಸಿಬಿಡುತ್ತವೆ. ಉರಿಯೂತ ತಗ್ಗಬೇಕಾದರೆ ಮೆಥೊಟ್ರೆಕ್ಸೇಟ್‌ನಂಥ, ರೋಗದ ಓಟ ತಡೆಯುವ ಔಷಧಿಯೇ ಬೇಕು.

ದೆಹಲಿಯ ಏಮ್ಸ್‌ನಲ್ಲಿ 72 ರುಮಟಾಯ್ಡ್ ರೋಗಿಗಳ ಮೇಲೆ ನಡೆದ 8 ವಾರಗಳ ಅಧ್ಯಯನದಲ್ಲಿ ಯೋಗ ಮಾಡಿದವರ ರೋಗದ ತೀವ್ರತೆಯೂ ಖಿನ್ನತೆಯೂ ತಗ್ಗಿದವು. ಅವರೆಲ್ಲರೂ ಔಷಧಿ ಮುಂದುವರಿಸಿದ್ದರು ಎಂಬುದನ್ನು ಮರೆಯುವಂತಿಲ್ಲ.

ಮೆಥೊಟ್ರೆಕ್ಸೇಟ್ ತೆಗೆದುಕೊಳ್ಳುವವರು ಎರಡು ಸಂಗತಿ ನೆನಪಿಡಬೇಕು. ಸಂಧಿವಾತಕ್ಕೆ ಅದನ್ನು ವಾರಕ್ಕೊಮ್ಮೆ ಮಾತ್ರ ಕೊಡುತ್ತಾರೆ. ದಿನವೂ ನುಂಗಿದರೆ ಪ್ರಾಣಾಪಾಯ. ಇನ್ನೊಂದು, ರುಮಟಾಯ್ಡ್ ರೋಗವೂ ಅಪರೂಪಕ್ಕೆ ಈ ಔಷಧಿಯೂ ಶ್ವಾಸಕೋಶವನ್ನು ಕೆಡಿಸಬಹುದು. ಹೊಸದಾಗಿ ಒಣಕೆಮ್ಮು, ಏದುಸಿರು ಶುರುವಾದರೆ ಪ್ರಾಣಾಯಾಮ ಹೆಚ್ಚಿಸಿ ಕೂರಬಾರದು, ವೈದ್ಯರಿಗೆ ತೋರಿಸಬೇಕು.

ಉಸಿರಿನ ವ್ಯಾಯಾಮ ಚಿಕಿತ್ಸೆಯ ಭಾಗವೇ ಆಗಿರುವ ಒಂದು ಸಂಧಿವಾತವೂ ಇದೆ. ಅದು ಬೆನ್ನುಮೂಳೆಯನ್ನು ಬಿಗಿಯಾಗಿಸುವ ಆಂಕಿಲೋಸಿಂಗ್ ಸ್ಪಾಂಡಿಲೈಟಿಸ್. ಹೆಚ್ಚಾಗಿ 20–30ರ ಹರೆಯದಲ್ಲಿ ಶುರುವಾಗಿ, ಬೆಳಗಿನ ಜಾವ ಸೊಂಟನೋವು ಎಬ್ಬಿಸುತ್ತದೆ. ಓಡಾಡಿದ ಮೇಲೆ ಸಡಿಲವಾಗುತ್ತದೆ. ಪಕ್ಕೆಲುಬು ಬೆನ್ನುಮೂಳೆಗೆ ಸೇರುವ ಕೀಲುಗಳೂ ಬಿಗಿಯುವುದರಿಂದ ಎದೆಗೂಡು ಹಿಗ್ಗುವುದಿಲ್ಲ. ಪೂರ್ತಿ ಉಸಿರು ಬಿಟ್ಟಾಗ ಮತ್ತು ಪೂರ್ತಿ ಎಳೆದಾಗ ಎದೆಯ ಸುತ್ತಳತೆಯನ್ನು ದರ್ಜಿಯ ಟೇಪಿನಿಂದ ಅಳೆದರೆ ಸಾಮಾನ್ಯವಾಗಿ 5 ಸೆಂಟಿಮೀಟರ್‌ನಷ್ಟು ವ್ಯತ್ಯಾಸ ಸಿಗಬೇಕು. ಎರಡೂವರೆಗಿಂತ ಕಡಿಮೆಯಾದರೆ ವೈದ್ಯರು ಅನುಮಾನಪಡುತ್ತಾರೆ. ಇಂಥವರು ದಿನವೂ ಎದೆ ಹಿಗ್ಗಿಸುವ ಅಭ್ಯಾಸ ಮಾಡಲೇಬೇಕು.

ಚಿಕೂನ್‌ಗುನ್ಯಾ ಬಿಟ್ಟುಹೋದ ನೋವು

ಚಿಕೂನ್‌ಗುನ್ಯಾದ ಜ್ವರ ವಾರದೊಳಗೆ ಬಿಡುತ್ತದೆ. ಕೀಲುನೋವು ಹಲವರನ್ನು ತಿಂಗಳುಗಟ್ಟಲೆ, ಕೆಲವರನ್ನು ವರ್ಷಗಟ್ಟಲೆ ಕಾಡುತ್ತದೆ. ಮಣಿಕಟ್ಟು, ಬೆರಳ ಗಿಣ್ಣು, ಕಣಕಾಲು, ಪಾದ ಇದರ ನೆಚ್ಚಿನ ಜಾಗಗಳು. ಮೊದಲ 3 ವಾರ ತೀವ್ರ ಹಂತ, 3 ತಿಂಗಳವರೆಗೆ ನಡುವಿನ ಹಂತ, ಆಮೇಲೂ ಉಳಿದರೆ ದೀರ್ಘಕಾಲದ ಹಂತ. ಎರಡೂ ಕೈಗಳ ಗಿಣ್ಣು ಊದಿ, ಬೆಳಿಗ್ಗೆ ಗಂಟೆಗಟ್ಟಲೆ ಬಿಗಿಯಾಗಿದ್ದರೆ ನೋಡಲು ರುಮಟಾಯ್ಡ್‌ನಂತೆಯೇ ಇರುತ್ತದೆ. 6 ವಾರ ಕಳೆದರೂ ಊತ ಇಳಿಯದಿದ್ದರೆ ಇಎಸ್‌ಆರ್, ಸಿಆರ್‌ಪಿ, ಆರ್‌ಎ ಫ್ಯಾಕ್ಟರ್, ಆಂಟಿ ಸಿಸಿಪಿ ಪರೀಕ್ಷೆಗಳನ್ನು ಮಾಡಿಸಿ ಕೀಲುರೋಗ ತಜ್ಞರನ್ನು ಕಾಣುವುದು ಒಳ್ಳೆಯದು.

ಜ್ವರದ ದಿನಗಳಲ್ಲಿ ಪ್ಯಾರಾಸಿಟಮಾಲ್ ಸಾಕು. ಡೆಂಗಿ ಇಲ್ಲ ಎಂದು ಖಾತ್ರಿಯಾಗುವವರೆಗೆ ಆಸ್ಪಿರಿನ್, ಡೈಕ್ಲೊಫಿನಾಕ್, ಐಬುಪ್ರೊಫೆನ್ ಬೇಡ, ರಕ್ತಸ್ರಾವದ ಅಪಾಯವಿದೆ. ನೋವು ತಕ್ಷಣ ಹಾರಿಸುವ ಹೆಸರಿಲ್ಲದ ಪುಡಿ, ಮಾತ್ರೆ, ಇಂಜೆಕ್ಷನ್‌ಗಳಲ್ಲಿ ಸ್ಟೀರಾಯ್ಡ್ ಇರುವ ಸಾಧ್ಯತೆ ಹೆಚ್ಚು. ವೈದ್ಯರ ಲೆಕ್ಕಾಚಾರವಿಲ್ಲದೆ ತಿಂಗಳುಗಟ್ಟಲೆ ತೆಗೆದುಕೊಂಡರೆ ಸಕ್ಕರೆ ಕಾಯಿಲೆ, ಮೂಳೆ ಸವೆತದ ಅಪಾಯ ಹೆಚ್ಚು ಎಂದೇ ತಿಳಿಯಬೇಕು.

ಚಿಕೂನ್‌ಗುನ್ಯಾ ಸಾಮಾನ್ಯವಾಗಿ ಶ್ವಾಸಕೋಶಕ್ಕೆ ಕೈಹಾಕುವುದಿಲ್ಲ. ಆದ್ದರಿಂದ ಆ ನೋವಿಗೆ ಆಕ್ಸಿಜನ್ ಕೊಡಿಸುವುದರಲ್ಲಿ ಅರ್ಥವಿಲ್ಲ. ಬಿಸಿನೀರಿನಲ್ಲಿ ಕೈ ಇಟ್ಟು ಬೆರಳು ಮಡಚಿ ಬಿಡಿಸುವಾಗ, ಮಂಡಿ ನೀಡುವಾಗ ನೋವಿಗೆ ಹೆದರಿ ಉಸಿರು ಬಿಗಿಹಿಡಿಯುವುದು ಎಲ್ಲರ ಅಭ್ಯಾಸ. ಆಗ ಮೈಯೆಲ್ಲ ಸೆಟೆದು ನೋವು ಹೆಚ್ಚುತ್ತದೆ. ಮಡಚುವಾಗ ಬಾಯಿಂದ ನಿಧಾನವಾಗಿ ಉಸಿರು ಬಿಡುವುದನ್ನು ಕಲಿತರೆ ಕೀಲು ಇನ್ನಷ್ಟು ಬಗ್ಗುತ್ತದೆ. ಇಲ್ಲಿ ಉಸಿರಿನ ಕೆಲಸ ಇಷ್ಟೇ, ಆದರೆ ಇಷ್ಟರಿಂದಲೇ ವ್ಯಾಯಾಮ ಬಿಡದೆ ಮಾಡುವ ಧೈರ್ಯ ಬರುತ್ತದೆ.

ಉಣುಗು ಕಚ್ಚಿ ಬರುವ ಮಂಗನ ಕಾಯಿಲೆಯಿಂದ ಎದ್ದವರಲ್ಲೂ ವಾರಗಟ್ಟಲೆ ನಿಶ್ಶಕ್ತಿ, ಮೈಕೈ ನೋವು ಇರುತ್ತದೆ. ಕೆಲವರಿಗೆ ಮೊದಲ ಜ್ವರ ಬಿಟ್ಟು ಒಂದೆರಡು ವಾರದ ಮೇಲೆ ಎರಡನೇ ಸುತ್ತು ಬಂದು ತೀವ್ರ ತಲೆನೋವು, ನಡುಕ, ಗೊಂದಲ ಕಾಣಿಸಿಕೊಳ್ಳುತ್ತದೆ. ಡಿಸೆಂಬರಿನಿಂದ ಮೇ ತನಕ ಕಾಡಿಗೆ ಹೋಗಿಬಂದವರಿಗೆ ಜ್ವರ ಬಂದರೆ ಮನೆಮದ್ದಿಗೆ ಸಮಯ ಕಳೆಯದೆ ರಕ್ತಪರೀಕ್ಷೆ ಮಾಡಿಸಬೇಕು.

ಕೋವಿಡ್ ನಂತರದ ಏದುಸಿರು

ವಿಶ್ವ ಆರೋಗ್ಯ ಸಂಸ್ಥೆ 2021ರ ಅಕ್ಟೋಬರ್‌ನಲ್ಲಿ ದೀರ್ಘ ಕೋವಿಡ್‌ಗೆ ಒಂದು ವ್ಯಾಖ್ಯೆ ಕೊಟ್ಟಿತು. ಸೋಂಕು ತಗುಲಿ 3 ತಿಂಗಳ ಹೊತ್ತಿಗೆ ಕಾಣಿಸುವ, ಕನಿಷ್ಠ 2 ತಿಂಗಳು ಉಳಿಯುವ, ಬೇರೆ ಕಾರಣ ಸಿಗದ ತೊಂದರೆಗಳು ಇದರಲ್ಲಿ ಸೇರುತ್ತವೆ. ಸುಸ್ತು, ಏದುಸಿರು, ಮರೆವು, ಕೀಲುನೋವು ಪಟ್ಟಿಯ ಮೇಲ್ಭಾಗದಲ್ಲಿವೆ.

ಏದುಸಿರಿಗೆ ಉಸಿರಿನ ತರಬೇತಿ ಕೊಟ್ಟು ನೋಡಿದ ಒಳ್ಳೆಯ ಪ್ರಯೋಗವೊಂದು ಲಂಡನ್‌ನಲ್ಲಿ ನಡೆಯಿತು. ಇಂಗ್ಲಿಷ್ ನ್ಯಾಷನಲ್ ಒಪೆರಾದ ಗಾಯಕರು ಮತ್ತು ಇಂಪೀರಿಯಲ್ ಕಾಲೇಜಿನ ವೈದ್ಯರು ಸೇರಿ 6 ವಾರಗಳ ಆನ್‌ಲೈನ್ ತರಗತಿ ರೂಪಿಸಿದರು. ಹಾಡುಗಾರರು ಉಸಿರು ನಿಭಾಯಿಸುವ ಬಗೆಯನ್ನು ಜೋಗುಳಗಳ ಮೂಲಕ ಕಲಿಸಿದರು. 150 ಮಂದಿ ಭಾಗವಹಿಸಿದ ಈ ಪ್ರಯೋಗದ ಫಲಿತಾಂಶ 2022ರಲ್ಲಿ ಲ್ಯಾನ್ಸೆಟ್ ರೆಸ್ಪಿರೇಟರಿ ಮೆಡಿಸಿನ್ ಪತ್ರಿಕೆಯಲ್ಲಿ ಬಂತು. ಮನಸ್ಸಿನ ನೆಮ್ಮದಿ ಹೆಚ್ಚಿತು, ಏದುಸಿರಿನ ಕೆಲವು ಅಂಶಗಳು ತಗ್ಗಿದವು. ದೈಹಿಕ ಶಕ್ತಿಯಲ್ಲಿ ಅಂಥ ಸ್ಪಷ್ಟ ಏರಿಕೆ ಕಾಣಲಿಲ್ಲ. ಉಸಿರಿನ ಅಭ್ಯಾಸದಿಂದ ಏನನ್ನು ನಿರೀಕ್ಷಿಸಬಹುದು ಎಂಬುದಕ್ಕೆ ಇದು ಪ್ರಾಮಾಣಿಕ ಅಳತೆ. ಭಜನೆ, ಸೋಬಾನೆ ಹಾಡಿ ಅಭ್ಯಾಸವಿರುವ ನಮ್ಮ ಹೆಂಗಸರಿಗೆ ಈ ದಾರಿ ಕಷ್ಟವಲ್ಲ.

ಮನೆಯಲ್ಲಿ ಮಾಡುವ ನಾಲ್ಕು ಅಭ್ಯಾಸ

ಊಟವಾಗಿ ಎರಡು ಗಂಟೆಯ ನಂತರ, ಹೊಗೆಯಿಲ್ಲದ, ಗಾಳಿಯಾಡುವ ಜಾಗದಲ್ಲಿ ಮಾಡಬೇಕು. ಸೌದೆ ಒಲೆ ಉರಿಯುವ ಅಡುಗೆಮನೆ, ಬಚ್ಚಲೊಲೆಯ ಹತ್ತಿರ ಬೇಡ. ಮಂಡಿ ಹಿಡಿದವರು ಪದ್ಮಾಸನ ಹಾಕಲು ಹೋಗಬಾರದು. ಬೆನ್ನಿಗೆ ಆಸರೆಯಿರುವ ಕುರ್ಚಿ ಸಾಕು.

ಮೊದಲನೆಯದು ಹೊಟ್ಟೆಯ ಉಸಿರು. ಒಂದು ಕೈ ಎದೆಯ ಮೇಲೆ, ಇನ್ನೊಂದು ಹೊಕ್ಕುಳ ಮೇಲೆ. ಭುಜ ಸಡಿಲ. ಮೂಗಿನಿಂದ ಸದ್ದಿಲ್ಲದೆ ಎಳೆದಾಗ ಹೊಟ್ಟೆಯ ಮೇಲಿನ ಕೈ ಏಳಬೇಕು, ಎದೆಯ ಮೇಲಿನದು ಹೆಚ್ಚು ಅಲುಗಬಾರದು. ಬಿಡುವುದು ಎಳೆದದ್ದಕ್ಕಿಂತ ನಿಧಾನವಾಗಿರಲಿ. ದಿನಕ್ಕೆ ಎರಡು ಮೂರು ಬಾರಿ, ಐದೈದು ನಿಮಿಷ.

ಎರಡನೆಯದು ತುಟಿ ಕಿರಿದಾಗಿಸಿ ಬಿಡುವ ಉಸಿರು. ಮೂಗಿನಿಂದ ಎರಡು ಎಣಿಸುವಷ್ಟು ಹೊತ್ತು ಎಳೆದು, ಬಿಸಿ ಕಾಫಿ ಆರಿಸುವ ಹಾಗೆ ತುಟಿ ಮಾಡಿ ನಾಲ್ಕು ಎಣಿಸುವಷ್ಟು ಹೊತ್ತು ಬಿಡಬೇಕು. ಮೆಟ್ಟಿಲು, ಏರು ಹತ್ತುವಾಗ ದಮ್ಮು ಬಂದರೆ ಕೂಡಲೇ ನೆರವಾಗುವುದು ಇದೇ. ಗೂರಲು, ಸಿಒಪಿಡಿ (ಶ್ವಾಸನಾಳ ಕಿರಿದಾಗುವ ದೀರ್ಘಕಾಲದ ಕಾಯಿಲೆ) ಇರುವವರಿಗೆ ವಿಶೇಷ ಉಪಯೋಗ.

ಮೂರನೆಯದು ಎದೆ ಹಿಗ್ಗಿಸುವುದು. ಅಂಗೈಗಳನ್ನು ಪಕ್ಕೆಲುಬಿನ ಎರಡೂ ಬದಿಗೆ ಒತ್ತಿ, ಆ ಕೈಗಳನ್ನು ಹೊರಕ್ಕೆ ತಳ್ಳುವಂತೆ ಉಸಿರೆಳೆದು, ಎರಡು ಮೂರು ಸೆಕೆಂಡ್ ನಿಲ್ಲಿಸಿ ಬಿಡಬೇಕು. ಒಮ್ಮೆಗೆ ನಾಲ್ಕೈದು ಸಲ ಮಾತ್ರ, ನಡುವೆ ಸಾಧಾರಣ ಉಸಿರು. ಬೆನ್ನುಮೂಳೆ ಬಿಗಿದವರಿಗೂ ನ್ಯುಮೋನಿಯಾದಿಂದ ಎದ್ದವರಿಗೂ ಇದು ಬೇಕು.

ನಾಲ್ಕನೆಯದು ಉಸಿರು ಬಿಡುವಾಗ ದುಂಬಿಯಂತೆ ಗುಂಯ್‌ಗುಡುವ ಭ್ರಾಮರಿ ಅಥವಾ ಒಂದೊಂದೇ ಹೊಳ್ಳೆಯಿಂದ, ಉಸಿರು ಕಟ್ಟದೆ ಮಾಡುವ ನಾಡಿಶೋಧನ. ಮಲಗುವ ಮುನ್ನ ಮಾಡಿದರೆ ನಿದ್ದೆಗೆ ಅನುಕೂಲ. ಬಿಪಿ, ಹೃದ್ರೋಗ, ಹರ್ನಿಯಾ, ಗ್ಲಾಕೊಮಾ ಇರುವವರು, ಗರ್ಭಿಣಿಯರು, ಈಚೆಗೆ ಶಸ್ತ್ರಚಿಕಿತ್ಸೆಯಾದವರು ರಭಸದಿಂದ ಉಸಿರಾಡುವ ಕಪಾಲಭಾತಿ, ಭಸ್ತ್ರಿಕಾ ಮತ್ತು ಉಸಿರು ಕಟ್ಟುವ ಕುಂಭಕದಿಂದ ದೂರವಿರಬೇಕು.

ದಮ್ಮು ಹತ್ತಿದಾಗ ಕೂರುವ ಭಂಗಿಯೂ ಮದ್ದೇ. ಕುರ್ಚಿಯಲ್ಲಿ ಸ್ವಲ್ಪ ಮುಂದೆ ಬಾಗಿ ಮೊಣಕೈಗಳನ್ನು ತೊಡೆಯ ಮೇಲೂರಿದರೆ ಭುಜದ ಭಾರ ಇಳಿದು ವಪೆ (ಎದೆ, ಹೊಟ್ಟೆಗಳ ನಡುವಿನ ಉಸಿರಾಟದ ಸ್ನಾಯು) ಸಲೀಸಾಗಿ ಆಡುತ್ತದೆ. ತೋಟದಲ್ಲಿದ್ದರೆ ಮರಕ್ಕೆ ಬೆನ್ನು ಕೊಟ್ಟು, ಪಾದ ಒಂದಡಿ ಮುಂದಿಟ್ಟು, ಕೈ ಇಳಿಬಿಟ್ಟು ನಿಂತರೂ ಆಯಿತು.

ಕೆಲಸದ ಜೊತೆ ಉಸಿರು

ಕೊಡ ಎತ್ತುವಾಗ, ಸೊಪ್ಪಿನ ಹೊರೆ ತಲೆಗೇರಿಸುವಾಗ, ಕುರ್ಚಿಯಿಂದ ಏಳುವಾಗ ಉಸಿರು ಕಟ್ಟುವುದು ರೂಢಿ. ಅದನ್ನು ತಿರುಗಿಸಬೇಕು: ಎತ್ತುವ ಮುನ್ನ ಎಳೆದುಕೊಂಡು, ಎತ್ತುವ ಕ್ಷಣದಲ್ಲಿ ಬಿಡಬೇಕು. ಬೆರಳ ಗಂಟು ಊದಿದವರು ಅಡಿಕೆ ಸುಲಿಯುವಾಗ ಒಂದೇ ಸಮ ಕೂರದೆ, ಇಪ್ಪತ್ತು ನಿಮಿಷಕ್ಕೊಮ್ಮೆ ಮೆಟ್ಟುಗತ್ತಿಯಿಂದ ಎದ್ದು ಬೆರಳು, ಸೊಂಟ ಸಡಿಲಿಸಬೇಕು. ಭಾರದ ಕೆಲಸವನ್ನೆಲ್ಲ ಒಂದೇ ಬೆಳಿಗ್ಗೆ ಮುಗಿಸದೆ ದಿನಕ್ಕೆ ಹಂಚಿಕೊಳ್ಳಬೇಕು.

ಕೋವಿಡ್ ನಂತರ ಕೆಲಸಕ್ಕೆ ಮರಳಲು ವಿಶ್ವ ಆರೋಗ್ಯ ಸಂಸ್ಥೆಯ ಪುನಶ್ಚೇತನ ಕೈಪಿಡಿ ಐದು ಹಂತ ಹೇಳುತ್ತದೆ. ಮೊದಲ ಹಂತ ಉಸಿರಿನ ಹತೋಟಿ, ಮೆಲುನಡಿಗೆ, ಮೈ ಸಡಿಲಿಸುವುದು. ಎರಡನೆಯದು ನಡಿಗೆ, ಹಗುರ ಮನೆಗೆಲಸ. ಮೂರನೆಯದು ಚುರುಕು ನಡಿಗೆ, ಮೆಟ್ಟಿಲು ಹತ್ತುವುದು. ನಾಲ್ಕನೆಯದು ಓಟ, ಸೈಕಲ್, ಈಜಿನಂಥ ಶ್ರಮ. ಐದನೆಯದು ಹಳೆಯ ದುಡಿಮೆ. ಪ್ರತಿ ಹಂತದಲ್ಲೂ ಕನಿಷ್ಠ 7 ದಿನ. ಮೇಲಿನ ಹಂತದಲ್ಲಿ ತೊಂದರೆ ಕಂಡರೆ ಕೆಳಗಿನದಕ್ಕೆ ಇಳಿಯಬೇಕು.

ಒಂದು ಗುಂಪಿನವರಿಗೆ ಈ ಏಣಿಯೂ ಸಲ್ಲದು. ಇಂದು ಸ್ವಲ್ಪ ಹೆಚ್ಚು ಮೈ ದಣಿಸಿದರೆ ನಾಳೆಯೋ ನಾಡಿದ್ದೋ ಎದ್ದೇಳಲಾಗದಷ್ಟು ಸುಸ್ತು ಬಂದು, ದಿನಗಟ್ಟಲೆ ಮಲಗಿಸುವುದು ದೀರ್ಘ ಕೋವಿಡ್‌ನ ಒಂದು ಗುರುತು. ಇಂಥವರಿಗೆ 'ಸೋಮಾರಿತನ ಬಿಡು, ವ್ಯಾಯಾಮ ಮಾಡು' ಎನ್ನುವುದು ಕ್ರೌರ್ಯ. ಎಷ್ಟು ಕೆಲಸ ಮಾಡಿದರೆ ಮರುದಿನ ಕುಸಿಯುವುದಿಲ್ಲ ಎಂಬುದನ್ನು ಬರೆದಿಟ್ಟುಕೊಂಡು, ಆ ಗೆರೆಯೊಳಗೇ ಉಳಿಯುವುದು ಅವರಿಗಿರುವ ದಾರಿ.

ಆಕ್ಸಿಮೀಟರ್ ಓದುವ ಬಗೆ

ಕೋವಿಡ್ ಕಾಲದಲ್ಲಿ ಕೊಂಡ ಆಕ್ಸಿಮೀಟರ್ ಹಲವು ಮನೆಗಳಲ್ಲಿ ಇನ್ನೂ ಇದೆ. ಐದು ನಿಮಿಷ ಸುಮ್ಮನೆ ಕೂತು, ಬೆರಳು ಬೆಚ್ಚಗಿಟ್ಟು, ಉಗುರುಬಣ್ಣ, ಮೆಹಂದಿ ಇಲ್ಲದ ಬೆರಳಿಗೆ ಹಾಕಿ, ಅಂಕಿ ಒಂದು ನಿಮಿಷ ನಿಂತ ಮೇಲೆ ಓದಬೇಕು. ಮಳೆಗಾಲದ ತಣ್ಣನೆಯ ಕೈಗೆ ಸುಳ್ಳು ಅಂಕಿ ಬರುತ್ತದೆ. ಕಪ್ಪು ಮೈಬಣ್ಣದವರಲ್ಲಿ ಯಂತ್ರ ಇರುವುದಕ್ಕಿಂತ ಸ್ವಲ್ಪ ಹೆಚ್ಚು ತೋರಿಸಬಹುದು. ಆದ್ದರಿಂದ ಅಂಕಿ ಚೆನ್ನಾಗಿದ್ದರೂ ಉಸಿರು ಕಟ್ಟುತ್ತಿದ್ದರೆ ಮೈಯ ಮಾತನ್ನೇ ನಂಬಬೇಕು.

ಕೂತಾಗ 97 ಇದ್ದು ಆರು ನಿಮಿಷ ನಡೆದಾಗ ನಾಲ್ಕು ಅಂಕಿ ಇಳಿದರೆ ಶ್ವಾಸಕೋಶದಲ್ಲಿ ತೊಂದರೆ ಉಳಿದಿರಬಹುದು. ಈ ಪರೀಕ್ಷೆಯನ್ನು ಒಬ್ಬರೇ ಇದ್ದಾಗ ಮಾಡಬಾರದು. ಕೂತಾಗಲೇ ಪದೇ ಪದೇ 94ಕ್ಕಿಂತ ಕಡಿಮೆ ಬಂದರೆ ಅಂದೇ ವೈದ್ಯರನ್ನು ಕಾಣಬೇಕು. 90ಕ್ಕಿಂತ ಇಳಿದರೆ ತುರ್ತು ಸ್ಥಿತಿ.

ಸಿಲಿಂಡರ್, ಕಾನ್ಸಂಟ್ರೇಟರ್, ಒತ್ತಡದ ಕೋಣೆ

ಆಮ್ಲಜನಕವೂ ಔಷಧಿಯೇ. ಎಷ್ಟು ಲೀಟರ್, ಎಷ್ಟು ಗಂಟೆ, ಯಾವ ಅಂಕಿಯವರೆಗೆ ಎಂಬುದನ್ನು ವೈದ್ಯರು ಬರೆದುಕೊಡಬೇಕು. ಸಿಒಪಿಡಿ ಇರುವ ಹಲವರಿಗೆ 88ರಿಂದ 92ರ ನಡುವೆ ನಿಲ್ಲಿಸಬೇಕಾಗುತ್ತದೆ. ಹೆಚ್ಚು ಕೊಟ್ಟರೆ ಇಂಗಾಲದ ಡೈಆಕ್ಸೈಡ್ ಏರಿ ಮಂಪರು ಕವಿಯಬಹುದು. ಗಾಳಿಯಿಂದ ಆಮ್ಲಜನಕ ಬೇರ್ಪಡಿಸಿ ಕೊಡುವ ಕಾನ್ಸಂಟ್ರೇಟರ್ ಯಂತ್ರ ಇರುವ ಕೋಣೆಯಲ್ಲಿ ಬೀಡಿ, ದೀಪ, ಊದಿನಕಡ್ಡಿ, ಒಲೆ ಯಾವುದೂ ಇರಬಾರದು. ಆಮ್ಲಜನಕ ತಾನು ಉರಿಯದಿದ್ದರೂ ಉರಿಯುವುದನ್ನೆಲ್ಲ ಭುಗಿಲೆಬ್ಬಿಸುತ್ತದೆ.

ದೊಡ್ಡ ನಗರಗಳಲ್ಲಿ ಹೈಪರ್‌ಬೇರಿಕ್ ಕೋಣೆಗಳ ಜಾಹೀರಾತು ಕಾಣುತ್ತದೆ. ವಾತಾವರಣದ ಎರಡು ಪಟ್ಟು ಒತ್ತಡದಲ್ಲಿ ಶುದ್ಧ ಆಮ್ಲಜನಕ ಉಸಿರಾಡಿದರೆ ರಕ್ತದ ನೀರಿನಲ್ಲಿ ಕರಗುವ ಪಾಲು 0.3ರಿಂದ 4 ಮಿಲಿ ಲೀಟರ್‌ವರೆಗೆ ಏರುತ್ತದೆ. ಮುಳುಗುಗಾರರ ಒತ್ತಡ ರೋಗ, ಕಾರ್ಬನ್ ಮೊನಾಕ್ಸೈಡ್ ವಿಷ, ವಾಸಿಯಾಗದ ಕೆಲವು ಮಧುಮೇಹದ ಗಾಯಗಳಿಗೆ ಇದು ಒಪ್ಪಿತ ಚಿಕಿತ್ಸೆ. ಒಪ್ಪಿತ ಪಟ್ಟಿಯಲ್ಲಿ ಸಂಧಿವಾತವಿಲ್ಲ. ದೀರ್ಘ ಕೋವಿಡ್‌ಗೆ ಇಸ್ರೇಲ್‌ನಲ್ಲಿ 73 ಮಂದಿಯ ಮೇಲೆ 40 ಬಾರಿ ಕೊಟ್ಟು ನೋಡಿದ ಅಧ್ಯಯನ 2022ರಲ್ಲಿ ಪ್ರಕಟವಾಗಿ, ಗಮನ, ಸುಸ್ತು, ನೋವಿನಲ್ಲಿ ಸುಧಾರಣೆ ಕಂಡಿತೆಂದು ಹೇಳಿತು. ಇಷ್ಟು ಸಣ್ಣ ಗುಂಪಿನ ಫಲಿತಾಂಶ ನಂಬಿ ಸಾಲ ಮಾಡುವುದು ತರವಲ್ಲ. ಕಿವಿಯ ಪೊರೆಗೆ ಪೆಟ್ಟು, ದೃಷ್ಟಿ ಮಂಜು, ಅಪರೂಪಕ್ಕೆ ಫಿಟ್ಸ್ ಇದರ ಅಡ್ಡ ಪರಿಣಾಮಗಳು.

ತಡಮಾಡಬಾರದ ಲಕ್ಷಣಗಳು

ಎದೆ ಹಿಂಡುವ ನೋವು, ತುಟಿ, ಉಗುರು ನೀಲಿಯಾಗುವುದು, ಮಾತು ಪೂರ್ತಿ ಮಾಡಲಾಗದಷ್ಟು ದಮ್ಮು, ಕಫದಲ್ಲಿ ರಕ್ತ, ಒಂದೇ ಕಾಲಿನ ಮೀನಖಂಡ ಊದಿ ನೋಯುವುದು, ಹೊಸ ಗೊಂದಲ, ಮಂಪರು. ಇವುಗಳಲ್ಲಿ ಯಾವುದು ಕಂಡರೂ 108ಕ್ಕೆ ಕರೆ ಮಾಡಬೇಕು. ಜ್ವರದೊಂದಿಗೆ ಒಂದೇ ಕೀಲು ಕೆಂಪಾಗಿ, ಬಿಸಿಯಾಗಿ, ಮುಟ್ಟಲಾಗದಷ್ಟು ನೋಯುತ್ತಿದ್ದರೆ ಕೀಲಿನೊಳಗೆ ಕೀವಾಗಿರಬಹುದು. ಗಂಟೆಗಳ ವಿಳಂಬವೂ ಕೀಲನ್ನು ಹಾಳುಮಾಡುತ್ತದೆ. ಉಜ್ಜುವುದು, ಶಾಖ ಕೊಡುವುದು ಬೇಡ.

ಎಲ್ಲಿಗೆ ಹೋಗಬೇಕು?

ಸಕ್ರೆಬೈಲು, ಗಾಜನೂರು ಕಡೆಯವರಿಗೆ ಮೊದಲ ನಿಲ್ದಾಣ ಹತ್ತಿರದ ಪ್ರಾಥಮಿಕ ಆರೋಗ್ಯ ಕೇಂದ್ರ. ಹಿಮೋಗ್ಲೋಬಿನ್, ಸಕ್ಕರೆ, ಬಿಪಿ, ಆಕ್ಸಿಜನ್ ಅಂಕಿ ಅಲ್ಲೇ ನೋಡಿಸಬಹುದು. ಮುಂದಿನ ತಪಾಸಣೆಗೆ ಶಿವಮೊಗ್ಗದ ಮೆಗ್ಗಾನ್ ಆಸ್ಪತ್ರೆಯಿದೆ; 2007ರಲ್ಲಿ ಶುರುವಾದ ಶಿವಮೊಗ್ಗ ವೈದ್ಯಕೀಯ ವಿಜ್ಞಾನಗಳ ಸಂಸ್ಥೆಯ ಬೋಧಕ ಆಸ್ಪತ್ರೆ ಅದು. ಭದ್ರಾವತಿಯವರಿಗೆ ತಾಲ್ಲೂಕು ಆಸ್ಪತ್ರೆ ಹತ್ತಿರ. ಯಾರನ್ನು ಕೇಳಬೇಕೆಂದು ತಿಳಿಯದಿದ್ದರೆ 104 ಆರೋಗ್ಯ ಸಹಾಯವಾಣಿ ಕನ್ನಡದಲ್ಲೇ ಉತ್ತರಿಸುತ್ತದೆ. ದೀರ್ಘ ನೋವಿನಿಂದ ಮನಸ್ಸು ಕುಗ್ಗಿದವರು ಟೆಲಿ ಮಾನಸ್‌ನ 14416ಕ್ಕೆ ಉಚಿತವಾಗಿ ಕರೆ ಮಾಡಬಹುದು.

ಹೋಗುವಾಗ ಒಂದು ಹಾಳೆಯಲ್ಲಿ ನಾಲ್ಕು ಸಂಗತಿ ಬರೆದುಕೊಂಡು ಹೋಗಿ: ಜ್ವರ ಬಂದ ತಿಂಗಳು, ಬೆಳಗಿನ ಬಿಗಿತ ಎಷ್ಟು ಹೊತ್ತು ಇರುತ್ತದೆ, ಯಾವ ಕೆಲಸಕ್ಕೆ ದಮ್ಮು ಬರುತ್ತದೆ, ಈಗ ನುಂಗುತ್ತಿರುವ ಮಾತ್ರೆಗಳ ಹೆಸರು. ಫಿಸಿಯೊಥೆರಪಿಸ್ಟರ ಮುಂದೆ ಒಮ್ಮೆ ಉಸಿರಿನ ಅಭ್ಯಾಸ ಮಾಡಿ ತೋರಿಸಿ, ತಪ್ಪಿದ್ದರೆ ತಿದ್ದಿಸಿಕೊಳ್ಳಿ. ಆರು ವಾರ ಬಿಡದೆ ಮಾಡಿ. ಅಷ್ಟರಲ್ಲಿ ಯಾರು ಏನೇ ಹೇಳಿದರೂ ವೈದ್ಯರು ಬರೆದುಕೊಟ್ಟ ಸಂಧಿವಾತದ ಔಷಧಿಯನ್ನು ಅವರನ್ನು ಕೇಳದೆ ನಿಲ್ಲಿಸಬೇಡಿ.